19 ದಿನದಲ್ಲಿ 50 ಗಂಟೆ ಕೆಲಸ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಟರ್ನಿಂಗ್ ಶಾಪ್, ಅಂದರೆ ಕಬ್ಬಿಣದ ಕಂಬಿಯನ್ನು ತಿರುಗಿಸಿ ಕೆತ್ತಿ ಬಿಡಿಭಾಗ ಮಾಡುವ ಶೆಡ್, ನಡೆಸುತ್ತೇನೆ. ಹನ್ನೊಂದು ಜನ ಕೆಲಸಗಾರರು, ಕಂಪ್ಯೂಟರಿನಿಂದ ಓಡುವ ಮೂರು ಸಿಎನ್‌ಸಿ ಮಷಿನ್, ಅಪ್ಪನ ಕಾಲದ ಎರಡು ಲೇತ್. ಇಷ್ಟೇ ನಮ್ಮ ಪ್ರಪಂಚ. ಸಣ್ಣ ಕೈಗಾರಿಕೆಗಳ ಬಗ್ಗೆ ನೀವು ಆಗಾಗ ಬರೆಯುತ್ತೀರಿ. ಸಾಲ, ಸಬ್ಸಿಡಿ, ಕರೆಂಟ್ ದರ, ರಸ್ತೆ ಗುಂಡಿ ಎಲ್ಲಾ ಬರುತ್ತದೆ. ಬರಲೇಬೇಕು. ಆದರೆ ನಮ್ಮನ್ನು ಒಳಗೊಳಗೇ ತಿನ್ನುತ್ತಿರುವ ಇನ್ನೊಂದು ವಿಷಯ ಯಾವ ಪುಟದಲ್ಲೂ ಓದಿದ ನೆನಪಿಲ್ಲ. ಅದು ದಿನದ ಲೆಕ್ಕ. ಒಂದು ಮಾಲು ನಾಲ್ಕೈದು ಶಾಪ್‌ಗಳ ಕೈ ದಾಟಿ ಹೋಗುವಾಗ ಎಲ್ಲೆಲ್ಲಿ ಎಷ್ಟೆಷ್ಟು ದಿನ ಸುಮ್ನೆ ಕೂರುತ್ತದೆ ಅನ್ನುವ ಲೆಕ್ಕ. ಪತ್ರ ಸ್ವಲ್ಪ ಉದ್ದವಿದೆ. ದಯವಿಟ್ಟು ಪೂರ್ತಿ ಹಾಕಿ.

ನಮ್ಮಪ್ಪ ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಟರ್ನರ್ ಆಗಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪ ಕೂಡಿಟ್ಟ ದುಡ್ಡಲ್ಲಿ ಎರಡು ಹಳೇ ಲೇತ್ ತಂದು ಒಂದು ಶೆಡ್ ಹಿಡಿದರು. ನಾನು ಬಿಕಾಂ ಮುಗಿಸಿದ್ದೆ. ಲೆಕ್ಕ ಬರೆಯಲು ಅಂತ ಶೆಡ್‌ಗೆ ಹೋದವಳು ಅಲ್ಲೇ ಉಳಿದೆ. ಅಪ್ಪ ಒಂದು ಅಭ್ಯಾಸ ಕಲಿಸಿದರು. ರೂಲ್ ಹಾಕಿದ ಉದ್ದನೆಯ ಪುಸ್ತಕದಲ್ಲಿ ಪ್ರತಿ ಲಾಟಿಗೂ, ಅಂದರೆ ಒಟ್ಟಿಗೆ ಮಾಡುವ ಒಂದೊಂದು ಕಂತಿನ ಮಾಲಿಗೂ, ಬಂದ ತಾರೀಖು, ಹೋದ ತಾರೀಖು ಬರೆಯುವುದು. ಕಂಪ್ಯೂಟರ್ ಬಂದ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಈ ಪತ್ರದಲ್ಲಿ ನಾನು ಕೊಡುವ ಲೆಕ್ಕವೆಲ್ಲ ಆ ಪುಸ್ತಕದ್ದು.

ನಾವು ಮಾಡುವ ಮಾಲು ಒಂದು ಪಿನ್ನು. ಬೆರಳುದ್ದ, 90 ಗ್ರಾಂ ತೂಕ. ಗಾಡಿಯ ಬ್ರೇಕಿನ ಜೋಡಣೆಯೊಳಗೆ ಕೂರುತ್ತದೆ. ನೋಡಲು ಏನೂ ಇಲ್ಲ. ಆದರೆ ಅದು ತಯಾರಾಗಲು ನಾಲ್ಕು ಶಾಪ್ ಸುತ್ತಬೇಕು. ಮೊದಲು ನನ್ನಲ್ಲಿ ಕಂಬಿ ಕತ್ತರಿಸಿ ಟರ್ನಿಂಗ್. ಆಮೇಲೆ ಮೇಟಗಳ್ಳಿ ಕಡೆ ಒಬ್ಬರ ಹತ್ತಿರ ಹೀಟ್ ಟ್ರೀಟ್‌ಮೆಂಟ್. ಅಲ್ಲಿ 900 ಡಿಗ್ರಿಗಿಂತ ಮೇಲೆ ಕಾದ ಕುಲುಮೆಯಲ್ಲಿ ಪಿನ್ನಿನ ಮೈ ಕಾರ್ಬನ್ ಹೀರಿಕೊಳ್ಳುತ್ತದೆ. ಬಿಸಿಯಿರುವಾಗಲೇ ಎಣ್ಣೆಗೆ ಅದ್ದುತ್ತಾರೆ. ಹೊರಗಿನ ಪದರ ಗಟ್ಟಿಯಾಗುತ್ತದೆ, ಒಳಗಿನ ತಿರುಳು ಪೆಟ್ಟು ತಡೆಯುವಷ್ಟು ಮೆತ್ತಗೆ ಉಳಿಯುತ್ತದೆ. ಅಲ್ಲಿಂದ ಕೂರ್ಗಳ್ಳಿಯಲ್ಲಿ ಗ್ರೈಂಡಿಂಗ್, ಅಂದರೆ ಉಜ್ಜಿ ಸರಿಯಾದ ಅಳತೆಗೆ ತರುವುದು. ಕೊನೆಗೆ ಪ್ಲೇಟಿಂಗ್ ಶಾಪಿನಲ್ಲಿ ಸತುವಿನ ಲೇಪ. ಮತ್ತೆ ನನ್ನಲ್ಲಿಗೆ ಬಂದು ತಪಾಸಣೆ, ಪ್ಯಾಕಿಂಗ್, ಬಿಡದಿ ಕಡೆಯ ಒಂದು ಕಂಪನಿಗೆ ರವಾನೆ. ಅವರು ಜೋಡಿಸಿ ಗಾಡಿ ಮಾಡುವವರಿಗೆ ಕೊಡುತ್ತಾರೆ.

2,000 ಪಿನ್ನಿನ ಒಂದು ಲಾಟು ತೆಗೆದುಕೊಳ್ಳಿ. ನನ್ನಲ್ಲಿ ಒಂದು ಪಿನ್ನಿಗೆ 70 ಸೆಕೆಂಡ್. ಎರಡು ಮಷಿನ್ ಓಡಿಸಿದರೆ ಸುಮಾರು 20 ಗಂಟೆ. ಕುಲುಮೆಯಲ್ಲಿ ಕಾಯುವುದು, ಅದ್ದುವುದು, ಆಮೇಲೆ ಮತ್ತೆ ಹದವಾಗಿ ಕಾಯಿಸುವ ಟೆಂಪರಿಂಗ್ ಎಲ್ಲಾ ಸೇರಿ 12. ಗ್ರೈಂಡಿಂಗ್ 8. ಪ್ಲೇಟಿಂಗ್ ಮತ್ತು ಅದರ ನಂತರದ ಬೇಕಿಂಗ್ 10. ಒಟ್ಟು 50 ಗಂಟೆ. ಪುಸ್ತಕ ತೆಗೆದು ನೋಡಿದೆ. ಕಂಬಿ ನನ್ನ ಬಾಗಿಲಿಗೆ ಬಂದ ದಿನದಿಂದ ಪಿನ್ನು ಬಿಡದಿಗೆ ಹೊರಟ ದಿನದವರೆಗೆ 19 ದಿನ. ಅಂದರೆ 456 ಗಂಟೆ. ಮಷಿನ್ನಾಗಲಿ ಕುಲುಮೆಯಾಗಲಿ ಅದನ್ನು ಮುಟ್ಟಿದ್ದು 50 ಗಂಟೆ. ಉಳಿದ 406 ಗಂಟೆ ಯಾವುದೋ ಟ್ರೇಯಲ್ಲಿ, ಯಾವುದೋ ಮೂಲೆಯಲ್ಲಿ ಕೂತಿತ್ತು.

ಇದು ತಿಳಿಯುವ ಮೊದಲು ನಾನು ಒಂದು ತಪ್ಪು ಮಾಡಿದ್ದೆ. ಬಿಡದಿಯವರು ಪದೇ ಪದೇ ಫೋನ್ ಮಾಡಿ "ಮೇಡಂ, ಮಾಲು ಬೇಗ ಕೊಡಿ" ಅನ್ನುತ್ತಿದ್ದರು. ಸರಿ, ನಾನು ಬೇಗ ಮಾಡಬೇಕು ಅಂದುಕೊಂಡೆ. 24 ಲಕ್ಷ ಸಾಲ ಮಾಡಿ ಮೂರನೇ ಸಿಎನ್‌ಸಿ ತಂದೆ. ಮೊದಲು ನನ್ನಲ್ಲಿ ಮೂರು ದಿನ ಹಿಡಿಯುತ್ತಿದ್ದ ಕೆಲಸ ಒಂದೂವರೆ ದಿನಕ್ಕೆ ಇಳಿಯಿತು. ತುಂಬಾ ಖುಷಿಯಾಯಿತು. ಆಯುಧಪೂಜೆಗೆ ಆ ಮಷಿನ್ನಿಗೆ ದೊಡ್ಡ ಹಾರ ಹಾಕಿದೆವು. ಎರಡು ತಿಂಗಳಾದ ಮೇಲೆ ಪುಸ್ತಕ ನೋಡುತ್ತೇನೆ, ಅದೇ 19 ದಿನ. ನಾನು ಉಳಿಸಿದ ಒಂದೂವರೆ ದಿನ ಪೂರ್ತಿ ಹೀಟ್ ಟ್ರೀಟ್‌ಮೆಂಟ್‌ನವರ ಅಂಗಳದಲ್ಲಿ ಕೂತುಬಿಟ್ಟಿತ್ತು. ಬೇಗ ಮಾಡಿ ಕೊಟ್ಟೆ, ಅಲ್ಲಿ ಜಾಸ್ತಿ ಹೊತ್ತು ಕಾಯಿತು. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ಸರಿಯಾಗಿ ಹೋಗುತ್ತಿತ್ತು.

ಜುಲೈ ತಿಂಗಳು. ಜಿಟಿಜಿಟಿ ಮಳೆ. ಒಂದು ದಿನ ನಾನೇ ಆ ಅಂಗಳಕ್ಕೆ ಹೋದೆ. ಶೀಟಿನ ಅಂಚಿನಲ್ಲಿ ನಮ್ಮ ನೀಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೇಲಿನ ಟ್ರೇಗೆ ಹೊದಿಸಿದ ಪ್ಲಾಸ್ಟಿಕ್ ಒಂದು ಕಡೆ ಸರಿದಿತ್ತು. ಕೈ ಹಾಕಿ ಒಂದು ಪಿನ್ನು ತೆಗೆದೆ. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿಕೊಂಡಿತು. ಬಟ್ಟೆಯಲ್ಲಿ ಒರೆಸಿ ನೋಡಿದರೆ ಅಡಿಯಲ್ಲಿ ಸಣ್ಣ ಸಣ್ಣ ಚುಕ್ಕೆ. ಆ ಲಾಟಿನಲ್ಲಿ 340 ಪಿನ್ನು ಮತ್ತೆ ಪಾಲಿಶ್ ಮಾಡಿಸಬೇಕಾಯಿತು. ನಮ್ಮ ಹುಡುಗರು ಒಂದು ಭಾನುವಾರ ಪೂರ್ತಿ ಕೂತು ಮಾಡಿದರು. ಟ್ರೇಗೆ ಕೆಂಪು ಚೀಟಿ ಅಂಟಿಸಿದ್ದೆ. ಅರ್ಜೆಂಟ್ ಅಂತ ನಾನೇ ಬರೆದಿದ್ದೆ. ಸುತ್ತ ನೋಡಿದರೆ ಅಲ್ಲಿದ್ದ ಎಲ್ಲರ ಟ್ರೇ ಮೇಲೂ ಕೆಂಪು ಚೀಟಿಯೇ.

ಕೋಪದಲ್ಲೇ ಮಾಲೀಕರ ಹತ್ತಿರ ಹೋದೆ. ಅವರು ನನಗಿಂತ ಹಿರಿಯರು. ಕೂರಿಸಿ ಟೀ ತರಿಸಿದರು.

"ಅಕ್ಕ, ನಿಮ್ಮ ಲಾಟು 180 ಕಿಲೋ. ನನ್ನ ಕುಲುಮೆ ತುಂಬೋಕೆ 400 ಕಿಲೋ ಬೇಕು. ಅರ್ಧ ಹಾಕಿದ್ರೂ ಕರೆಂಟು ಹೆಚ್ಚೂಕಮ್ಮಿ ಅಷ್ಟೇ ಎಳೆಯುತ್ತೆ. ನಿಮ್ಮ ಸ್ಟೀಲಿಗೆ ಹೊಂದೋ ಇನ್ನೊಂದು ಲಾಟು ಬರೋವರೆಗೂ ಕಾಯದೆ ನಾನೇನು ಮಾಡ್ಲಿ?"

"ಇನ್ನೊಂದು ಲಾಟು ಯಾವಾಗ ಬರುತ್ತೆ ಅಣ್ಣ?"

"ನನಗೆ ಯಾರು ಹೇಳ್ತಾರೆ? ನೀವು ಹೇಳಿದ್ರಾ, ಈ ಸೋಮವಾರ ತರ್ತೀನಿ ಅಂತ?"

ನಾನು ಹೇಳಿರಲಿಲ್ಲ. ಹದಿನೈದು ವರ್ಷದಲ್ಲಿ ಒಂದು ಸಲವೂ ಹೇಳಿಲ್ಲ. ಮಾಲು ರೆಡಿಯಾದಾಗ ಗಾಡಿಗೆ ಹಾಕಿ ಕಳಿಸುವುದು, ಆಮೇಲೆ ದಿನಾ ಫೋನ್ ಮಾಡಿ ಕೇಳುವುದು. ನನ್ನ ಹಿಂದಿನವರು ನನಗೆ ಮಾಡುವುದೂ ಇದೇ. ಗ್ರೈಂಡಿಂಗ್‌ನವರು ಬೇರೆ ಪೀಸಿಗೆ ಸೆಟ್ಟಿಂಗ್ ಕಟ್ಟಿಕೊಂಡು ಕೂತಿರುತ್ತಾರೆ. ನನ್ನ ಪಿನ್ನು ಬಂದಾಗ ಅದನ್ನು ಬಿಚ್ಚಿ ಮತ್ತೆ ಕಟ್ಟಲು ಅರ್ಧ ದಿನ ಹೋಗುತ್ತದೆ. ಹಾಗಾಗಿ ಅವರು ಆ ಕೆಲಸ ಮುಗಿಯುವವರೆಗೆ ನನ್ನದನ್ನು ಮುಟ್ಟುವುದಿಲ್ಲ. ಅವರನ್ನು ಹೇಗೆ ತಪ್ಪು ಅನ್ನಲಿ? ಎಲ್ಲರೂ ತಮ್ಮ ಬಾಗಿಲೊಳಗೆ ಸರಿಯಾಗೇ ಇದ್ದಾರೆ. ಒಬ್ಬರ ಬಾಗಿಲಿಗೂ ಇನ್ನೊಬ್ಬರ ಬಾಗಿಲಿಗೂ ನಡುವೆ ಏನಾಗುತ್ತದೆ ಅನ್ನುವುದನ್ನು ನೋಡುವವರು ಯಾರೂ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಇಲ್ಲಿ ನಾಲ್ಕು ಎತ್ತು ನಾಲ್ಕು ದಿಕ್ಕಿಗೆ.

ಇದೇ ಜನ ಒಂದೇ ಸೂರಿನಡಿ ಎಷ್ಟು ಕಟ್ಟುನಿಟ್ಟಾಗಿರುತ್ತಾರೆ ಅನ್ನುವುದಕ್ಕೆ ಪ್ಲೇಟಿಂಗ್ ಶಾಪ್ ನೋಡಬೇಕು. ಗಟ್ಟಿ ಮಾಡಿದ ಸ್ಟೀಲನ್ನು ಆಸಿಡ್‌ನಲ್ಲಿ ತೊಳೆದು ಲೇಪ ಹಾಕುವಾಗ ಲೋಹದೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ. ಅದನ್ನು ಓಡಿಸದಿದ್ದರೆ ಪಿನ್ನು ಯಾವತ್ತೋ ಒಂದು ದಿನ, ಹೆಚ್ಚು ಭಾರ ಬೀಳದೆಯೂ, ಪಟ್ಟಂತ ಮುರಿಯಬಹುದು. ಬ್ರೇಕಿನಲ್ಲಿ ಕೂರುವ ಪಿನ್ನು ಅದು, ಯೋಚಿಸಿ. ಅದಕ್ಕೆ ತೊಟ್ಟಿಯಿಂದ ತೆಗೆದ 4 ಗಂಟೆಯೊಳಗೆ ಸುಮಾರು 200 ಡಿಗ್ರಿಯ ಓವನ್‌ಗೆ ಹಾಕಿ ಬೇಯಿಸಬೇಕು. ನಮ್ಮ ಪ್ಲೇಟಿಂಗ್‌ನವರು ತೊಟ್ಟಿಯ ಪಕ್ಕದಲ್ಲೇ ಗೋಡೆಗೆ ಒಂದು ಗಡಿಯಾರ ಹಾಕಿದ್ದಾರೆ. ಬುಟ್ಟಿ ಮೇಲೆತ್ತಿದ ಕೂಡಲೇ ಹುಡುಗ ಸ್ಲೇಟಿನ ಮೇಲೆ ಟೈಮ್ ಬರೆಯುತ್ತಾನೆ. ಓವನ್ ಮುಂಚೆಯೇ ಕಾದಿರುತ್ತದೆ. ಒಬ್ಬರ ಕೆಲಸ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಸಿದ್ಧರಾಗಿ ನಿಂತಿರುತ್ತಾರೆ. ಅದೇ ಬುಟ್ಟಿ ಅವರ ಗೇಟಿಗೆ ಬಂದ ಮೇಲೆ ಮೂರು ದಿನ ನನ್ನ ಗಾಡಿಗಾಗಿ ಕಾಯುತ್ತದೆ.

ಹಿಂದೆ ದೊಡ್ಡ ಕಾರ್ಖಾನೆಗಳು ಇಂಥ ಕೆಲಸದಲ್ಲಿ ಬಹುಪಾಲನ್ನು ತಮ್ಮ ಕಾಂಪೌಂಡಿನೊಳಗೇ ಮಾಡಿಕೊಳ್ಳುತ್ತಿದ್ದವು. ಈಗ ಹೊರಗೆ ಕೊಡುತ್ತಾರೆ. ನಮ್ಮಂಥ ಸಾವಿರಾರು ಜನಕ್ಕೆ ಅನ್ನ ಸಿಕ್ಕಿದ್ದು ಅದರಿಂದಲೇ. ಬೇಡ ಅನ್ನುತ್ತಿಲ್ಲ. ಆದರೆ ಕೆಲಸ ಹೊರಗೆ ಹೋದಾಗ ಆ ಗೋಡೆಗಡಿಯಾರ ಮಾತ್ರ ಒಳಗೇ ಉಳಿಯಿತು.

ಮೈಸೂರು ಬೆಂಗಳೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಅರ್ಧಕ್ಕೆ ಇಳಿಯಿತು. ನಮ್ಮ ಗಾಡಿ ಬಿಡದಿಗೆ ಈಗ ಬೇಗ ಹೋಗುತ್ತದೆ, ನಿಜ. ಆ ರಸ್ತೆಗೆ ಸಾವಿರಾರು ಕೋಟಿ ಹಾಕಿ ಉಳಿಸಿದ್ದು ಒಂದೂವರೆ ಗಂಟೆ. ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ನಡುವೆ ಕೆಲವೇ ಕಿಲೋಮೀಟರಿನಲ್ಲಿ 406 ಗಂಟೆ ಬಿದ್ದಿದೆ. ಅದನ್ನು ಎತ್ತಿಕೊಳ್ಳಲು ರಸ್ತೆ ಬೇಡ. ನಾಲ್ಕು ಜನ ಕೂತು ಮಾತಾಡಬೇಕು ಅಷ್ಟೇ.

ನಾವು ಕೂತೆವು. ರಿಂಗ್ ರೋಡಿನ ಒಂದು ಟೀ ಅಂಗಡಿ ಮುಂದೆ, ಒಂದು ಶನಿವಾರ ಸಂಜೆ. ನಾನು ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಮೊದಲ ಅರ್ಧ ಗಂಟೆ ಒಬ್ಬರ ಮೇಲೊಬ್ಬರು ಹೇಳಿಕೊಂಡೆವು. ಆಮೇಲೆ ಗ್ರೈಂಡಿಂಗ್‌ನವರು ಒಂದು ಮಾತು ಹೇಳಿದರು. ಅವರ ಊರು ಪಾಂಡವಪುರದ ಕಡೆ. "ನಮ್ಮೂರಲ್ಲಿ ಡೇರಿಗೆ ಹಾಲು ಹಾಕೋರು ಟೈಮಿಗೆ ಸರಿಯಾಗಿ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ. ವ್ಯಾನ್ ಬರೋ ಹೊತ್ತು ಎಲ್ರಿಗೂ ಗೊತ್ತು. ಕರೆಯೋ ಹೊತ್ತೂ ಅದಕ್ಕೆ ಸರಿಯಾಗೇ. ಯಾರಿಗೂ ಯಾರೂ ಫೋನ್ ಮಾಡಲ್ಲ." ಸರಿಯಾದ ಮಾತು. ಹಾಲು ಕೆಲವೇ ಗಂಟೆಯಲ್ಲಿ ಕೆಡುತ್ತದೆ, ಅದಕ್ಕೇ ಹಾಲಿನವರು ಹೊತ್ತು ಕಟ್ಟಿಕೊಂಡರು. ಕಬ್ಬಿಣ ನಿಧಾನಕ್ಕೆ ಕೆಡುತ್ತದೆ, ಅದಕ್ಕೇ ನಾವು ಸಡಿಲ ಬಿಟ್ಟೆವು.

ಅವತ್ತು ಇಷ್ಟು ಮಾತಾಯಿತು. ನಮ್ಮ ಪಿನ್ನಿನ ಥರದ ಮ್ಯಾಂಗನೀಸ್ ಕ್ರೋಮ್ ಸ್ಟೀಲಿಗೆ ಮಂಗಳವಾರ, ಶುಕ್ರವಾರ ಕುಲುಮೆ. ಹಿಂದಿನ ದಿನ ಸಂಜೆ ಐದರೊಳಗೆ ಎಷ್ಟು ಕಿಲೋ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಹಾಕಬೇಕು. ಗ್ರೈಂಡಿಂಗ್‌ನವರು ಬುಧವಾರ, ಶನಿವಾರ ಮಧ್ಯಾಹ್ನ ನಮ್ಮ ಸೆಟ್ಟಿಂಗ್ ಕಟ್ಟಿಡುತ್ತಾರೆ. ನಾಲ್ಕು ಜನರ ಗಾಡಿ ಬದಲು ಒಂದೇ ಟಾಟಾ ಏಸ್, ವಾರಕ್ಕೆ ಎರಡು ಸುತ್ತು, ಹೊತ್ತು ನಿಗದಿ. ಡೆಲಿವರಿ ಚಲನ್ ಹಿಂದಿನ ರಾತ್ರಿಯೇ ಬರೆದಿಡಬೇಕು. ಗಾಡಿ ಯಾರಿಗೂ ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯುವುದಿಲ್ಲ.

ಕುಲುಮೆ ತುಂಬದಿದ್ದರೆ? ಅದೇ ದೊಡ್ಡ ಗಂಟು. ಬೇಗ ಆದರೆ ಲಾಭ ನನಗೆ, ನನಗಿಂತ ಜಾಸ್ತಿ ಬಿಡದಿಯವರಿಗೆ. ಖರ್ಚು ಮಾತ್ರ ಕುಲುಮೆಯವರಿಗೆ. ಅವರಿಗೆ ರೇಟು ಕಿಲೋ ಲೆಕ್ಕ. ಎರಡು ದಿನ ಮುಂಚೆ ಮಾಡಿಕೊಟ್ಟರೆ ಒಂದು ಪೈಸೆ ಜಾಸ್ತಿ ಬರುವುದಿಲ್ಲ, ಕರೆಂಟ್ ಬಿಲ್ಲು ಮಾತ್ರ ಜಾಸ್ತಿ. ಹಾಗಿದ್ದಾಗ ಅವರು ಯಾಕೆ ಅವಸರ ಮಾಡಬೇಕು ಹೇಳಿ. ಕೊನೆಗೆ, ಕುಲುಮೆ ತುಂಬದ ದಿನ ಕಿಲೋಗೆ 2 ರೂಪಾಯಿ ಜಾಸ್ತಿ ಕೊಡೋಣ ಅಂದೆವು. ನನ್ನ ಲಾಟಿಗೆ 360 ರೂಪಾಯಿ. ಮೊದಲು ತಡವಾದಾಗ ಬಿಡದಿಗೆ ಅಂತಲೇ ಒಂದು ಗಾಡಿ ಮಾಡಿ ಓಡಿಸಿದರೆ 4,500 ಆಗುತ್ತಿತ್ತು. ತಿಂಗಳಿಗೆ ಎರಡು ಮೂರು ಸಲ ಆಗುತ್ತಿತ್ತು.

ಮೊದಲ ಲಾಟು 12 ದಿನಕ್ಕೆ ಹೋಯಿತು. ಎರಡನೆಯದು 10. ಮೂರನೆಯದು 9. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವಾಗ ಅಪ್ಪ ಇರಬೇಕಿತ್ತು ಅನ್ನಿಸಿತು. ಯಾರೂ ಹೊಸ ಮಷಿನ್ ತಂದಿರಲಿಲ್ಲ. ಯಾರೂ ರಾತ್ರಿ ಪಾಳಿ ಮಾಡಿರಲಿಲ್ಲ.

ನಾಲ್ಕನೇ ಲಾಟು ಮತ್ತೆ 17 ದಿನ. ಕಾರಣ ನಮ್ಮಲ್ಲಿರಲಿಲ್ಲ. ಸೋಮವಾರ 2,000 ಬೇಕು ಅಂದಿದ್ದ ಕಂಪನಿ ಬುಧವಾರ 3,500 ಅಂತು. ನಾವು ಕಂಬಿ ತರಿಸಿ, ಕುಲುಮೆ ಹಿಡಿದಿಟ್ಟು ಕೂತರೆ ಮುಂದಿನ ವಾರ 1,200 ಸಾಕು ಅಂತು. ನಮ್ಮ ಮಂಗಳವಾರ, ಶುಕ್ರವಾರ ಎಲ್ಲಾ ಕಲಸಿಹೋಯಿತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ನನಗೆ ತೋರಿಸಿದ್ದು ನನ್ನ ಮಗಳು. ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ಸುಮಾರಿಗೆ ಶುರುವಾದ ಒಂದು ಆಟವಿದೆಯಂತೆ, ಬಿಯರ್ ಗೇಮ್ ಅಂತ ಹೆಸರು. ಕಾಲೇಜಿನಲ್ಲಿ ಆಡಿಸಿದ್ದರು. ಒಂದು ಭಾನುವಾರ ಊಟದ ಟೇಬಲ್ಲಿನ ಮೇಲೆ ಹುಣಸೆಬೀಜ ಇಟ್ಟುಕೊಂಡು ನಮಗೂ ಆಡಿಸಿದಳು. ನಾನು ಚಿಲ್ಲರೆ ಅಂಗಡಿ. ನಮ್ಮ ಯಜಮಾನರು ಸಗಟು ವ್ಯಾಪಾರಿ. ಮೈದುನ ವಿತರಕ. ನಮ್ಮತ್ತೆ ಕಾರ್ಖಾನೆ. ಎಲ್ಲರ ಹತ್ತಿರ ಮೊದಲು 12 ಬೀಜ. ಮಾತಾಡುವಂತಿಲ್ಲ. ಎಷ್ಟು ಬೇಕು ಅಂತ ಚೀಟಿಯಲ್ಲಿ ಬರೆದು ಹಿಂದಿನವರಿಗೆ ಕಳಿಸಬೇಕು ಅಷ್ಟೇ. ಚೀಟಿ ತಲುಪಲು ಎರಡು ವಾರ, ಮಾಲು ಬರಲು ಎರಡು ವಾರ ಅಂತ ಲೆಕ್ಕ. ಗಿರಾಕಿ ಎಷ್ಟು ಕೇಳುತ್ತಾನೆ ಅನ್ನುವುದು ನನಗೊಬ್ಬಳಿಗೇ ಕಾಣುತ್ತದೆ.

ನಾಲ್ಕು ವಾರ ಗಿರಾಕಿ ವಾರಕ್ಕೆ 4 ಕೇಳಿದ. ಐದನೇ ವಾರದಿಂದ 8. ಆಮೇಲೆ ಕೊನೆಯವರೆಗೂ 8. ಇಡೀ ಆಟದಲ್ಲಿ ಬದಲಾಗುವುದು ಅದೊಂದೇ ಸಲ. ಆದರೆ ನನ್ನ ಬೀಜ ಖಾಲಿಯಾಗುತ್ತಾ ಬಂತು. ಹೆದರಿ 12 ಬರೆದೆ, ಆಮೇಲೆ 16. ಯಜಮಾನರು ಅದನ್ನು ನೋಡಿ 20 ಬರೆದರು. ಮೈದುನ 30. ಅತ್ತೆಗೆ ಹೋದದ್ದು ಆ 30ರ ಚೀಟಿ. ಪಾಪ, ಡಬ್ಬಿಯಿಂದ ಎಣಿಸಿ ಎಣಿಸಿ ಕಳಿಸಿದರು. ಅವರ ಬೀಜ ನಮ್ಮ ಹತ್ತಿರ ಬರುವ ಹೊತ್ತಿಗೆ ನಮಗೆ ಸಾಕಾಗಿತ್ತು. ಎಲ್ಲರೂ ಸೊನ್ನೆ ಬರೆಯಲು ಶುರು ಮಾಡಿದೆವು. ಮೈದುನನ ಮುಂದೆ ಬೀಜದ ಗುಡ್ಡೆ. ಅತ್ತೆ ಐದು ವಾರ ಸುಮ್ನೆ ಕೂತರು. ಆಟ ಮುಗಿದ ಮೇಲೆ ಮಗಳು ಗಿರಾಕಿಯ ಪಟ್ಟಿ ತೋರಿಸಿದಳು. ಅತ್ತೆ ಅದನ್ನು ನೋಡಿ ನನ್ನ ಕಡೆ ತಿರುಗಿದರು. "ವಾರಕ್ಕೆ ಎಂಟು ಬೇಕು ಅಂತ ಒಂದ್ ಮಾತು ಬಾಯ್ಬಿಟ್ಟು ಹೇಳಿದ್ರೆ ಆಗ್ತಿತ್ತಲ್ವೇನೆ?"

ಆ ಬುಧವಾರದ 3,500 ಎಲ್ಲಿಂದ ಬಂತು ಅಂತ ನನಗೆ ಅವತ್ತು ಅರ್ಥವಾಯಿತು. ಗಾಡಿ ಮಾಡುವವರ ಬೇಡಿಕೆ ಸ್ವಲ್ಪ ಏರಿರುತ್ತದೆ. ನಡುವಿನವರು ನಾವು ತಡ ಮಾಡುತ್ತೇವೆ ಅಂತ ಭಯಪಟ್ಟು ಮೇಲೆ ಒಂದಿಷ್ಟು ಸೇರಿಸುತ್ತಾರೆ. ಬೇಕಾದ ತಾರೀಖನ್ನೂ ಐದು ದಿನ ಮುಂಚೆ ಹಾಕುತ್ತಾರೆ. ಅವರು ಮುಂಚೆ ಹಾಕುತ್ತಾರೆ ಅಂತ ಗೊತ್ತಿರುವ ನಾವು ಐದು ದಿನ ಎಳೆಯುತ್ತೇವೆ. ನಾವು ಎಳೆಯುತ್ತೇವೆ ಅಂತ ಅವರು ಇನ್ನೂ ಮುಂಚೆ ಹಾಕುತ್ತಾರೆ. ಎಲ್ಲರ ತಾರೀಖೂ ಸುಳ್ಳು. ಯಾರೂ ಕೆಟ್ಟವರಲ್ಲ, ಆದರೆ ಯಾರ ತಾರೀಖನ್ನೂ ಯಾರೂ ನಂಬುವುದಿಲ್ಲ. ತಡ ಜಾಸ್ತಿಯಾದಷ್ಟೂ ಈ ಭಯ ಜಾಸ್ತಿ. ಭಯ ಜಾಸ್ತಿಯಾದಷ್ಟೂ ಆರ್ಡರ್ ಏರುಪೇರು. ಆರ್ಡರ್ ಏರುಪೇರಾದಷ್ಟೂ ತಡ.

ಅದಕ್ಕೇ ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗದವರಲ್ಲಿ ನನ್ನ ಕೋರಿಕೆ ಇದು. ಮುಂದಿನ ಎರಡು ವಾರದ ಶೆಡ್ಯೂಲ್ ಒಮ್ಮೆ ಕೊಟ್ಟ ಮೇಲೆ ಮುಟ್ಟಬೇಡಿ. ಮೂರನೇ ವಾರದ್ದು ಬೇಕಾದರೆ ಬದಲಿಸಿ. ಗಾಡಿ ಮಾಡುವವರು ನಿಮಗೆ ಕೊಟ್ಟ ನಿಜವಾದ ಸಂಖ್ಯೆ ನನಗೆ ಮಾತ್ರ ಹೇಳಿದರೆ ಸಾಲದು, ಕುಲುಮೆಯವರಿಗೂ ಪ್ಲೇಟಿಂಗ್‌ನವರಿಗೂ ಕಾಣಲಿ. ನಿಮ್ಮ ಲೆಕ್ಕದಲ್ಲಿ ನಿಮಗೆ ಮಾಲು ಕೊಡುವವಳು ನಾನೊಬ್ಬಳೇ. ನನ್ನ ಹಿಂದೆ ಇರುವ ಮೂರು ಶಾಪ್‌ಗಳ ಹೆಸರು ನಿಮಗೆ ಗೊತ್ತಿಲ್ಲ. ಆದರೆ ನಿಮ್ಮ ಜೋಡಣೆಯ ಲೈನ್ ನಿಲ್ಲುವುದು ಅವರಿಂದ. ನೀವು ನನ್ನ ಮೇಲೆ ಒತ್ತಡ ಹಾಕಿದರೆ ನಾನು ಇನ್ನೊಂದು ಮಷಿನ್ ತರಬಹುದು. ಅದರಿಂದ ಏನೂ ಆಗುವುದಿಲ್ಲ ಅಂತ 24 ಲಕ್ಷ ಕೊಟ್ಟು ಕಲಿತಿದ್ದೇನೆ. ಕುಲುಮೆ ತುಂಬದ ದಿನದ ಆ 360 ರೂಪಾಯಿಯನ್ನು ಪಿನ್ನಿನ ದರದಲ್ಲಿ ಸೇರಿಸಿಕೊಡಿ. ಒಂದು ಪಿನ್ನಿಗೆ 18 ಪೈಸೆ. ಅದಕ್ಕೆ ನಿಮಗೆ 10 ದಿನ ಸಿಗುತ್ತದೆ.

ಎಲ್ಲರಿಗೂ ಒಂದೇ ವಿಷಯ ಒಂದೇ ಹೊತ್ತಿಗೆ ಗೊತ್ತಾದರೆ ಎಷ್ಟು ಬೇಗ ಕೆಲಸ ಆಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಒಂದು ತರಬೇತಿಯಲ್ಲಿ ಕೇಳಿದ್ದು, ಮನಸ್ಸಲ್ಲಿ ನಿಂತಿದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾ ಊರಿನಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವು ಹೆಚ್ಚೂಕಡಿಮೆ ಪೂರ್ತಿ ಅಲ್ಲೇ ಆಗುತ್ತಿತ್ತು. ಸ್ಟಾಕು ತುಂಬಾ ಕಡಿಮೆ ಇತ್ತು. ಕಾರಿನ ಲೈನುಗಳು ನಿಂತವು. ಐಸಿನ್‌ನವರು ಡ್ರಾಯಿಂಗನ್ನು ಕೇಳಿದವರಿಗೆಲ್ಲ ಕೊಟ್ಟರು. 60ಕ್ಕೂ ಹೆಚ್ಚು ಕಂಪನಿಗಳು ಆ ವಾಲ್ವು ಮಾಡಲು ನಿಂತವು. ಹೊಲಿಗೆ ಮಷಿನ್ ಮಾಡುವ ಬ್ರದರ್ ಕಂಪನಿ ಕೂಡ ಮಾಡಿತು. ರೇಟಿನ ಮಾತು ಆಮೇಲೆ. ಒಂದು ವಾರದೊಳಗೆ ಲೈನುಗಳು ಮತ್ತೆ ಓಡಲು ಶುರುವಾದವು. ಬೆಂಕಿ ಬಿದ್ದಾಗ ಅಷ್ಟು ಜನ ಸೇರಬಹುದಾದರೆ, ಬೀಳದಿರುವಾಗ ನಾವು ನಾಲ್ಕು ಜನ ಸೇರಬಾರದೇ?

ದುಡ್ಡಿನ ಮಾತು ಹೇಳದೆ ಮುಗಿಸಲು ಆಗುವುದಿಲ್ಲ. ಮಾಲು ಬೇಗ ಬೇಕು ಅನ್ನುವವರು ದುಡ್ಡು ಬೇಗ ಕೊಡುವುದಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗಳಿಗೆ, ಏನೇ ಒಪ್ಪಂದವಿರಲಿ, 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಲದ್ದಕ್ಕೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ. ಗಡುವಿನೊಳಗೆ ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚು ಅಂತ ತೋರಿಸಬಹುದು. ಕಾನೂನು ಒಳ್ಳೆಯದೇ ಇದೆ. ಆದರೆ ಬಡ್ಡಿ ಕೊಡಿ ಅಂತ ಪತ್ರ ಬರೆದರೆ ಮುಂದಿನ ಆರ್ಡರ್ ಬರುತ್ತದಾ? ಕಳೆದ ವರ್ಷ ಒಂದು ಕಂಪನಿಯಿಂದ ನನಗೆ 92ನೇ ದಿನಕ್ಕೆ ಹಣ ಬಂತು. ಆ ತಿಂಗಳು ಕುಲುಮೆಯವರಿಗೆ ನಾನೂ ಕೊಡಲಿಲ್ಲ. ಅವರು ನನ್ನ ಮಾಲನ್ನು ಹಿಂದೆ ಇಟ್ಟರು. ಇಡದೆ ಏನು ಮಾಡುತ್ತಾರೆ? ಪಿನ್ನು ಮುಂದಕ್ಕೆ ಹೋಗುವ ದಾರಿಯಲ್ಲೇ ದುಡ್ಡು ಹಿಂದಕ್ಕೆ ಬರಬೇಕು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ಜಿಲ್ಲಾ ಕೈಗಾರಿಕಾ ಕೇಂದ್ರದವರು, ನಮ್ಮ ಕೈಗಾರಿಕಾ ಸಂಘಗಳವರು ಸಭೆ ಮಾಡುತ್ತಲೇ ಇರುತ್ತಾರೆ. ಒಂದು ಸಭೆಗೆ ಕಂಪನಿ, ಟರ್ನಿಂಗ್, ಕುಲುಮೆ, ಪ್ಲೇಟಿಂಗ್, ಗಾಡಿಯವರು ಎಲ್ಲರನ್ನೂ ಒಂದೇ ಮಾಲಿನ ಸುತ್ತ ಕೂರಿಸಿ. ಬೇರೆ ಬೇರೆ ಸಂಘ ಬೇರೆ ಬೇರೆ ದಿನ ಸೇರಿದರೆ ಪ್ರಯೋಜನವಿಲ್ಲ. ಊರಿನಲ್ಲಿ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ. ಹುಡುಗ ಹುಡುಗಿಯರು ಪ್ರಾಜೆಕ್ಟ್ ಹುಡುಕುತ್ತಾ ಇರುತ್ತಾರೆ. ಒಂದು ಟ್ರೇ ಹಿಂದೆ ಹದಿನೈದು ದಿನ ಸುತ್ತಿ, ಎಲ್ಲಿ ಎಷ್ಟು ಗಂಟೆ ಕೂತಿತು ಅಂತ ಬರೆದುಕೊಂಡು ಬರಲಿ. ಅವರಿಗೂ ಕಲಿಕೆ, ನಮಗೂ ಕನ್ನಡಿ.

ನಾಲ್ಕನೇ ಲಾಟಿನ ನಂತರ ನಾವು ಬಿಟ್ಟಿಲ್ಲ. ಶೆಡ್ಯೂಲ್ ಕಲಸಿಹೋದರೂ ಮಂಗಳವಾರ, ಶುಕ್ರವಾರ ಹಾಗೇ ಇಟ್ಟುಕೊಂಡಿದ್ದೇವೆ. ಕಳೆದ ಲಾಟು 11 ದಿನಕ್ಕೆ ಹೋಯಿತು. ಈಗ ಬೆಳಗೊಳದ ಕಡೆಯ ಇಬ್ಬರು ನಮ್ಮ ಸುತ್ತಿಗೆ ಸೇರುತ್ತೇವೆ ಅಂದಿದ್ದಾರೆ. ಅವರ ಸ್ಟೀಲೂ ನಮ್ಮದೇ ಥರದ್ದು, ಕುಲುಮೆ ತುಂಬಲು ಅನುಕೂಲ. ನಮ್ಮ ಪುಸ್ತಕ ಶಾಪಿನ ಟೇಬಲ್ ಮೇಲೇ ಇರುತ್ತದೆ. ನೋಡಬೇಕು ಅನ್ನುವವರು ಯಾವತ್ತು ಬೇಕಾದರೂ ಬರಬಹುದು. ಮಂಗಳವಾರವೋ ಶುಕ್ರವಾರವೋ ಬೆಳಗ್ಗೆ ಎಂಟಕ್ಕೆ ಬಂದರೆ ಗಾಡಿಗೆ ಟ್ರೇ ಏರಿಸುವುದನ್ನೂ ನೋಡಬಹುದು.

ಇಂತಿ,
ಟರ್ನಿಂಗ್ ಶಾಪಿನ ಮಾಲೀಕರು
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು